ಅಬ್ಖಾಜ್ ಕ್ರಿಯಾಪದಗಳನ್ನು ತಲೆಯಿಂದ ಕಲಿಯೋಣ

ಇ-ಸ-ಲ್-ಥೇಯ್ತ್. ಅಬ್ಖಾಜ್ ಭಾಷೆಯಲ್ಲಿ ಇದು ಒಂದೇ ಪದ. ಅರ್ಥ ಮಾತ್ರ ಇಡೀ ವಾಕ್ಯದ್ದು: ಅವಳು ಅದನ್ನು ನನಗೆ ಕೊಟ್ಟಳು. ಕೊಟ್ಟವಳು, ಕೊಟ್ಟ ವಸ್ತು, ಪಡೆದ ನಾನು, ಎಲ್ಲರೂ ಕ್ರಿಯಾಪದದ ಒಳಗೇ ಇದ್ದೇವೆ.

ಇದನ್ನು ನೋಡಿ ಹೆದರಿ ಪುಸ್ತಕ ಮುಚ್ಚುವವರು ಜಾಸ್ತಿ. ಹೆದರಬೇಕಾಗಿಲ್ಲ, ಅದರಲ್ಲೂ ಕನ್ನಡದವರು. "ಹೋದಳು" ಎಂಬ ಒಂದೇ ಪದದಲ್ಲಿ ಹೋದದ್ದು ಹೆಣ್ಣು, ಒಬ್ಬಳೇ, ಆಗಲೇ ಹೋಗಿಯಾಯಿತು ಎಂದು ನಾವು ದಿನವೂ ಹೇಳುತ್ತೇವೆ, ಅಲ್ವಾ? "ನಾನು" ಎನ್ನದೆ "ಬರ್ತೇನೆ" ಎಂದು ಹೊರಡುತ್ತೇವೆ. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುತ್ತೇವೆ. ಅಬ್ಖಾಜರೂ ಹಾಗೇ ಮಾಡುತ್ತಾರೆ. ನಮ್ಮಲ್ಲಿ ಯಾರು ಎಂಬ ಸುದ್ದಿ ಪದದ ಬಾಲದಲ್ಲಿರುತ್ತದೆ, ಅವರಲ್ಲಿ ತಲೆಯಲ್ಲಿ. ಜೊತೆಗೆ ಅವರ ತಲೆಯಲ್ಲಿ ಒಬ್ಬರಲ್ಲ, ಮೂವರ ತನಕ ಜಾಗವಿದೆ. ಈ ತಲೆಯನ್ನು ಕೆಲವೇ ಧಾತುಗಳ ಮೇಲೆ ಗಟ್ಟಿ ಮಾಡಿಕೊಳ್ಳುವುದು ಈ ಲೇಖನದ ಗುರಿ. ನೂರು ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಮಾಡುವುದರಿಂದ ಈ ಭಾಷೆಯಲ್ಲಿ ಏನೂ ಸಿಗುವುದಿಲ್ಲ.

ಅಬ್ಖಾಜ್ ಮಾತನಾಡುವುದು ಕಪ್ಪು ಸಮುದ್ರದ ಪೂರ್ವ ದಡದ ಅಬ್ಖಾಜಿಯಾದಲ್ಲಿ. ಹೆಚ್ಚಿನ ದೇಶಗಳು ಅದನ್ನು ಜಾರ್ಜಿಯಾದ ಭಾಗ ಎಂದೇ ಕಾಣುತ್ತವೆ, ರಷ್ಯಾ 2008ರಲ್ಲಿ ಪ್ರತ್ಯೇಕ ದೇಶವೆಂದು ಮಾನ್ಯ ಮಾಡಿತು. 19ನೇ ಶತಮಾನದಲ್ಲಿ ಮನೆಮಠ ಬಿಟ್ಟು ಒಟ್ಟೋಮನ್ ನಾಡಿಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ತುರ್ಕಿಯಲ್ಲಿದ್ದಾರೆ. ವಾಯವ್ಯ ಕಾಕಸಸ್ ಎಂಬ ಪುಟ್ಟ ಕುಟುಂಬದ ಭಾಷೆ ಇದು. ಅದೇ ಕುಟುಂಬದ ಉಬಿಖ್ ಭಾಷೆಯ ಕೊನೆಯ ಮಾತುಗಾರ ತೆವ್ಫಿಕ್ ಎಸೆಂಚ್ 1992ರಲ್ಲಿ ತೀರಿಕೊಂಡರು. ಅಲ್ಲಿಗೆ ಒಂದು ಭಾಷೆಯೇ ಹೋಯಿತು. ಅದೇ ವರ್ಷ ಅಬ್ಖಾಜಿಯಾದಲ್ಲಿ ನಡೆದ ಯುದ್ಧದಲ್ಲಿ ಅದರ ರಾಜಧಾನಿ ಸುಖುಮಿಯ ದಾಖಲೆ ಭಂಡಾರ ಸುಟ್ಟುಹೋಯಿತು. ಇಂಥ ಭಾಷೆಯ ಹತ್ತು ಕ್ರಿಯಾಪದ ಕಲಿತರೂ ಅದು ಸಣ್ಣ ಕೆಲಸವಲ್ಲ ಎಂದು ನಾನು ನಂಬುತ್ತೇನೆ.

ಮೊದಲ ಹೆಜ್ಜೆ: ಧ್ವನಿ, ಮತ್ತು ಇಲ್ಲಿ ಬರೆದಿರುವ ರೀತಿ

ಅಬ್ಖಾಜಿನ ಸಾಹಿತ್ಯ ಭಾಷೆಯಲ್ಲಿ 58 ವ್ಯಂಜನಗಳು, ಸ್ವರಗಳು ಮೂಲದಲ್ಲಿ ಎರಡೇ. ಒಂದು ಬಾಯಿ ಬಿಟ್ಟು ಹೇಳುವ ಆ. ಇನ್ನೊಂದು ಬಾಯಿ ಅಷ್ಟಾಗಿ ತೆರೆಯದೆ ಹೇಳುವ ಮಸುಕಾದ ಅ. ಓ, ಏ, ಇ, ಉ ಕೇಳಿಸುವುದು ಇವುಗಳ ಜೊತೆ ಯ, ವ ಬೆರೆತಾಗ. ಈ ಲೇಖನದಲ್ಲಿ ಆ ಎಂದು ಬರೆದಲ್ಲೆಲ್ಲ ಮೊದಲನೆಯದು, ಗಿಡ್ಡ ಅಕಾರ ಬಂದಲ್ಲೆಲ್ಲ ಎರಡನೆಯದು. ಸ ಮತ್ತು ಸ್ ನಡುವಿನ ವ್ಯತ್ಯಾಸ ಆ ಮಸುಕು ಸ್ವರ ಮಾತ್ರ. ವ್ಯಂಜನಗಳು ಗುಂಪು ಸೇರಿದಾಗ ನಾಲಿಗೆಗೆ ಸಲೀಸಾಗಲೆಂದು ಅದು ನಡುವೆ ನುಸುಳುತ್ತದೆ. ಅರ್ಥ ಬದಲಾಗುವುದಿಲ್ಲ.

ಕೆಲವು ವ್ಯಂಜನಗಳನ್ನು ಉಸಿರು ಬೆರೆಸಿ ಹೇಳಬೇಕು, ಕೆಲವನ್ನು ಗಂಟಲು ಬಿಗಿಹಿಡಿದು ಪಟ್ಟನೆ ಸಿಡಿಸಬೇಕು. ಉಸಿರು ಬೆರೆತ ತಕಾರವನ್ನು ಥ ಎಂದು ಬರೆದಿದ್ದೇನೆ, ಸಿಡಿಯುವುದನ್ನು ತ ಎಂದು. ಉಳಿದ ಅಕ್ಷರಗಳಲ್ಲಿ ಈ ಭೇದ ತೋರಿಸಿಲ್ಲ, ಅದನ್ನು ಕಿವಿಯಿಂದಲೇ ಕಲಿಯಬೇಕು. ಫ ಎಂದರೆ ಕಾಫಿಯ ಫ. ಚುಕ್ಕೆ ಇರುವ ಜ಼ ಎಂದರೆ ಮಜಾ ಎನ್ನುವಾಗ ಹಲವರ ಬಾಯಲ್ಲಿ ಬರುವ ಜ. ಝ ಎಂದರೆ ಶ ಹೇಳುತ್ತಲೇ ಗಂಟಲು ನಡುಗಿಸಿದರೆ ಬರುವ ಧ್ವನಿ. ಹ ಎಂಬುದು ಗಂಟಲ ಆಳದಿಂದ ಉಜ್ಜಿ ಬರುವ ಹ. ಪದಗಳ ನಡುವಿನ ಗೆರೆಗಳು ನಿಮ್ಮ ಅನುಕೂಲಕ್ಕೆ, ನಿಜ ಬರವಣಿಗೆಯಲ್ಲಿ ಅವು ಇಲ್ಲ.

ಎರಡನೇ ಹೆಜ್ಜೆ: ನಿಘಂಟಿನ ರೂಪವನ್ನು ಕತ್ತರಿಸಿ

ನಿಘಂಟಿನಲ್ಲಿ ಕ್ರಿಯಾಪದಗಳು ಆ ಎಂದು ಶುರುವಾಗಿ ರಾ ಎಂದು ಮುಗಿಯುತ್ತವೆ. ಆ-ತ್ಸಾ-ರಾ ಹೋಗುವುದು, ಆ-ಬಾ-ರಾ ಕಾಣುವುದು, ಆ-ಫಾ-ರಾ ತಿನ್ನುವುದು, ಆ-ಥಾ-ರಾ ಕೊಡುವುದು, ಆ-ತ್ವಾ-ರಾ ಕೂರುವುದು. ಎರಡೂ ತುದಿ ಕತ್ತರಿಸಿದರೆ ಧಾತು ಕೈಗೆ ಬರುತ್ತದೆ: ತ್ಸಾ, ಬಾ, ಫಾ, ಥಾ, ತ್ವಾ. ನೋಡಿ, ಎಷ್ಟು ಪುಟ್ಟದು! ಧಾತು ಚಿಕ್ಕದಿರುವುದರಿಂದಲೇ ಸುತ್ತಲಿನ ತುಣುಕುಗಳನ್ನು ಹುಷಾರಾಗಿ ಕೇಳಬೇಕು.

ಮೂರನೇ ಹೆಜ್ಜೆ: "ಹೋಗು" ಒಂದನ್ನೇ ಪೂರ್ತಿ ಕಲಿಯಿರಿ

ಸ್-ತ್ಸೋಯ್ತ್: ನಾನು ಹೋಗುತ್ತೇನೆ
ಉ-ತ್ಸೋಯ್ತ್: ನೀನು ಹೋಗುತ್ತೀಯ (ಗಂಡಸಿಗೆ)
ಬ್-ತ್ಸೋಯ್ತ್: ನೀನು ಹೋಗುತ್ತೀಯ (ಹೆಂಗಸಿಗೆ)
ದ್-ತ್ಸೋಯ್ತ್: ಅವನು ಅಥವಾ ಅವಳು ಹೋಗುತ್ತಾರೆ
ಇ-ತ್ಸೋಯ್ತ್: ಅದು ಹೋಗುತ್ತದೆ
ಹ್-ತ್ಸೋಯ್ತ್: ನಾವು ಹೋಗುತ್ತೇವೆ
ಶ್ವ್-ತ್ಸೋಯ್ತ್: ನೀವು ಹಲವರು ಹೋಗುತ್ತೀರಿ
ಇ-ತ್ಸೋಯ್ತ್: ಅವರು ಅಥವಾ ಅವು ಹೋಗುತ್ತವೆ

ಕನ್ನಡದಲ್ಲಿ "ನೀನು" ಎನ್ನುವಾಗ ಎದುರಿನವರು ಗಂಡೋ ಹೆಣ್ಣೋ ಎಂಬುದು ಮುಖ್ಯವಲ್ಲ. ಅಬ್ಖಾಜಿನಲ್ಲಿ ಮುಖ್ಯ. ಬದಲಿಗೆ ಇಲ್ಲಿ ಅವನು, ಅವಳು ಎರಡಕ್ಕೂ ಒಂದೇ ದ್. ಈ ಎರಡು ಕಡೆ ಕನ್ನಡದ ಅಭ್ಯಾಸ ಕಾಲಿಗೆ ತೊಡರುತ್ತದೆ. ಅದಕ್ಕೇ ಈ ಎಂಟು ಸಾಲುಗಳನ್ನು ಜೋರಾಗಿ, ಮನೆಯವರ ಕಡೆಗೆ ಕೈ ತೋರಿಸುತ್ತಾ ಹೇಳಿ ಅಭ್ಯಾಸ ಮಾಡಿ. ಊರಿನ ಹೆಸರು ಸೇರಿಸಿದರೆ ವಾಕ್ಯವೇ ಆಯಿತು. ಸುಖುಮಿಗೆ ಅಬ್ಖಾಜರು ಹೇಳುವುದು ಆಕ್ವಾ. ಆಕ್ವಾಕಾ ಸ್-ತ್ಸೋಯ್ತ್: ಆಕ್ವಾಕ್ಕೆ ಹೋಗುತ್ತೇನೆ.

ಈಗ ಬಾಲ. ತಲೆಯನ್ನು ಮುಟ್ಟದೆ ಬಾಲ ಮಾತ್ರ ಬದಲಿಸಿ.

ಸ್-ತ್ಸೇಯ್ತ್: ಹೋದೆ
ಸ್-ತ್ಸೋನ್: ಹೋಗುತ್ತಿದ್ದೆ
ಸ್-ತ್ಸಾಖ್ಯೇಯ್ತ್: ಆಗಲೇ ಹೋಗಿದ್ದೇನೆ
ಸ್-ತ್ಸಾಪ್: ಹೋಗುವೆ

ಓಯ್ತ್ ಎಂದರೆ ಈಗ, ಏಯ್ತ್ ಎಂದರೆ ಆಗಿಹೋದದ್ದು. ಒಂದೇ ಸ್ವರದ ಅಂತರ. ಕೇಳುವಾಗ ಇದು ಜಾರಿಹೋಗುವುದು ಸಹಜ, ಹೀಗಾಗಿ ಜೋಡಿ ಜೋಡಿಯಾಗಿ ಅಭ್ಯಾಸ ಮಾಡಿ. ಮುಂದಾಗುವುದಕ್ಕೆ ಇನ್ನೊಂದು ರೂಪವೂ ಇದೆ, ಸ್-ತ್ಸಾಶ್ತ್. ಶುರುವಿಗೆ ಪ್ ಬಾಲ ಸಾಕು.

"ಇಲ್ಲ" ಎನ್ನಲು ಬೇಕಾದದ್ದು ಮ್ ಒಂದೇ. ಈಗಿನದಕ್ಕೆ ಅದು ಬಾಲಕ್ಕೆ ಬರುತ್ತದೆ: ಸ್-ತ್ಸೋಮ್, ಹೋಗುವುದಿಲ್ಲ. ಆಗಿಹೋದದ್ದಕ್ಕೆ ಧಾತುವಿನ ಮುಂದೆ ಬಂದು ಕೂರುತ್ತದೆ: ಸ-ಮ್-ತ್ಸೇಯ್ತ್, ಹೋಗಲಿಲ್ಲ. ಮುಂದಿನದಕ್ಕೆ ಮತ್ತೆ ಬಾಲದಲ್ಲಿ: ಸ್-ತ್ಸಾರಮ್, ಹೋಗಲಾರೆ.

ಇದೇ ಅಚ್ಚಿನಲ್ಲಿ ಇನ್ನೆರಡು ಪದ ಹಾಕಿಕೊಳ್ಳಿ. ಮಾತಾಡು: ಸ್-ತ್ಸ್ವಾಝ್ವೋಯ್ತ್, ಮಾತಾಡುತ್ತೇನೆ. ಆಪ್ಸಶ್ವಾಲಾ ಸ್-ತ್ಸ್ವಾಝ್ವೋಯ್ತ್ ಎಂದರೆ ಅಬ್ಖಾಜಿನಲ್ಲಿ ಮಾತಾಡುತ್ತೇನೆ. ಬರು: ಸ್-ಆವೇಯ್ತ್ ಬರುತ್ತೇನೆ, ಸ್-ಆಯ್ತ್ ಬಂದೆ. ಇಲ್ಲಿ ಓಯ್ತ್ ಬದಲು ವೇಯ್ತ್ ಬಂತು. ಧಾತು ಉದ್ದ ಎಳೆಯದ ಒಂಟಿ ಆ ಸ್ವರದಿಂದ ಮುಗಿಯದಿದ್ದರೆ ಹೀಗೆ ಆಗುತ್ತದೆ, ಬೇರೆ ಗುಟ್ಟೇನಿಲ್ಲ.

ನಾಲ್ಕನೇ ಹೆಜ್ಜೆ: ಸುಮ್ನೆ ಇರುವ ಕ್ರಿಯೆಗಳು

ಮಾಡುವ ಕ್ರಿಯೆ ಬೇರೆ, ಇರುವ ಸ್ಥಿತಿ ಬೇರೆ ಎಂದು ಅಬ್ಖಾಜ್ ಕಟ್ಟುನಿಟ್ಟಾಗಿ ನೋಡುತ್ತದೆ. ಸ್ಥಿತಿಗೆ ಬಾಲ ಉಪ್. ಸ್-ತ್ವೋಯ್ತ್ ಎಂದರೆ ಕೂರುತ್ತೇನೆ, ಅಂದರೆ ನಿಂತಿದ್ದವನು ಕೆಳಗೆ ಕೂರುವುದು. ಸ್-ತ್ವೌಪ್ ಎಂದರೆ ಕೂತಿದ್ದೇನೆ. ಹಾಗೆಯೇ ಸ್-ಗಲೋಯ್ತ್ ಎದ್ದು ನಿಲ್ಲುತ್ತೇನೆ, ಸ್-ಗಲೌಪ್ ನಿಂತಿದ್ದೇನೆ. ಸ್ಥಿತಿಯ ಕ್ರಿಯೆಗಳಿಗೆ ಕಾಲಗಳ ರಗಳೆ ಕಡಿಮೆ. ಈಗ ಇದ್ದರೆ ಉಪ್, ಆಗ ಇದ್ದರೆ ನ್, ಇಲ್ಲದಿದ್ದರೆ ಮ್. ಸ್-ತ್ವಾನ್, ಕೂತಿದ್ದೆ. ಸ್-ತ್ವಾಮ್, ಕೂತಿಲ್ಲ.

"ಇರು" ಎಂಬುದೂ ಹೀಗೇ. ಸ-ಕೌಪ್ ಇದ್ದೇನೆ, ದ-ಕೌಪ್ ಅವನು ಅಥವಾ ಅವಳು ಇದ್ದಾರೆ, ಇ-ಕೌಪ್ ಇದೆ. ಸ-ಕಾನ್ ಇದ್ದೆ, ಸ-ಕಾಮ್ ಇಲ್ಲ. ಈ ಕ ನಮ್ಮ ಕ ಅಲ್ಲ, ಕಿರುನಾಲಿಗೆಯ ಹತ್ತಿರ ಸಿಡಿಯುವ ಕ.

ಕನ್ನಡದವರಿಗೆ ತೀರಾ ಹತ್ತಿರದ ಜಾಗ ಮುಂದಿನದು. ಇಂಗ್ಲಿಷಿನಲ್ಲಿ ನೀರು ಬೇಕೆಂದರೆ "ನಾನು" ಕರ್ತೃವಾಗುತ್ತೇನೆ. ಕನ್ನಡದಲ್ಲಿ "ನನಗೆ ಬೇಕು", "ನನ್ನ ಹತ್ತಿರ ಇದೆ". ಅಬ್ಖಾಜಿನಲ್ಲೂ ಇರುವ ವಸ್ತು ಮೊದಲು, ಯಾರಿಗೆ ಎಂಬುದು ಆಮೇಲೆ.

ಇ-ಸ-ಮೌಪ್: ನನ್ನ ಹತ್ತಿರ ಇದೆ
ಇ-ಲ-ಮೌಪ್: ಅವಳ ಹತ್ತಿರ ಇದೆ
ಇ-ಹಾ-ಮೌಪ್: ನಮ್ಮ ಹತ್ತಿರ ಇದೆ
ಇ-ರ-ಮೌಪ್: ಅವರ ಹತ್ತಿರ ಇದೆ
ಇ-ಸ್-ಥಾಖುಪ್: ನನಗೆ ಬೇಕು
ಇ-ಲ್-ಥಾಖುಪ್: ಅವಳಿಗೆ ಬೇಕು
ಇ-ಸ್-ಥಾಖಮ್: ನನಗೆ ಬೇಡ

ಗಮನಿಸಿದಿರಾ? ಎರಡನೇ ಜಾಗಕ್ಕೆ ಬಂದ ಕೂಡಲೇ ಅವಳಿಗೆ ಬೇರೆಯೇ ತುಣುಕು ಸಿಕ್ಕಿತು, ಲ್. ಅವನದು ಇ. ಮೊದಲ ಜಾಗದಲ್ಲಿ ಇಬ್ಬರಿಗೂ ದ್ ಇದ್ದದ್ದು ಇಲ್ಲಿ ಒಡೆಯಿತು. ಅವರಿಗೆ ಇಲ್ಲಿ ರ್.

ಇನ್ನೊಂದು ನಿಯಮ ಈಗಲೇ ಕಲಿತುಬಿಡಿ. ವಸ್ತುವಿನ ಹೆಸರು ಕ್ರಿಯಾಪದಕ್ಕೆ ಮೊದಲು, ಅದಕ್ಕೆ ತಾಗಿಕೊಂಡೇ ಬಂದರೆ ಮೊದಲ ಇ ಬಿದ್ದುಹೋಗುತ್ತದೆ. ಆದ್ಜ಼ ಎಂದರೆ ನೀರು. ಆದ್ಜ಼ ಸ್-ಥಾಖುಪ್: ನನಗೆ ನೀರು ಬೇಕು. ಇದು ಇ ತುಣುಕಿಗೆ ಮಾತ್ರ, ದ್ ಬೀಳುವುದಿಲ್ಲ.

ಐದನೇ ಹೆಜ್ಜೆ: ಒಬ್ಬರು ಇನ್ನೊಬ್ಬರನ್ನು

ಇಲ್ಲಿ ನಿಧಾನವಾಗಿ ಹೋಗೋಣ. ಈ ಭಾಷೆಯ ಜೀವ ಇರುವುದು ಇಲ್ಲೇ.

ಕಾಣು, ತಿನ್ನು, ಕುಡಿ ಇಂಥ ಕ್ರಿಯೆಗಳಲ್ಲಿ ಮೊದಲ ಜಾಗ "ಅನ್ನು" ಹತ್ತುವವರದ್ದು. ಮಾಡುವವರು ಧಾತುವಿಗೆ ಅಂಟಿಕೊಂಡು ಕೂರುತ್ತಾರೆ.

ದ-ಜ಼್-ಬೋಯ್ತ್: ನಾನು ಅವನನ್ನು ಅಥವಾ ಅವಳನ್ನು ಕಾಣುತ್ತೇನೆ
ಬ-ಜ಼್-ಬೋಯ್ತ್: ನಾನು ನಿನ್ನನ್ನು ಕಾಣುತ್ತೇನೆ (ಹೆಂಗಸಿಗೆ)
ಸ-ಬ್-ಬೋಯ್ತ್: ನೀನು ನನ್ನನ್ನು ಕಾಣುತ್ತೀಯ (ಹೆಂಗಸಿಗೆ)
ಸ-ಲ್-ಬೋಯ್ತ್: ಅವಳು ನನ್ನನ್ನು ಕಾಣುತ್ತಾಳೆ
ಇ-ಲ್-ಬೋಯ್ತ್: ಅವಳು ಅದನ್ನು ಕಾಣುತ್ತಾಳೆ

ಎರಡನೇ ಮತ್ತು ಮೂರನೇ ಸಾಲನ್ನು ಮತ್ತೆ ಮತ್ತೆ ಓದಿ. ಯಾರು ಮೊದಲು ಬಂದರು ಎಂಬುದರ ಮೇಲೆ ಕಾಣುವವರು, ಕಾಣಿಸುವವರು ಅದಲುಬದಲಾಗುತ್ತಾರೆ. ಹೆಸರುಗಳಿಗೆ ವಿಭಕ್ತಿ ಹಚ್ಚುವ ಕೆಲಸ ಇಲ್ಲಿಲ್ಲ. "ಅನ್ನು", "ಇಗೆ" ಮಾಡುವ ಕೆಲಸವನ್ನೆಲ್ಲ ಈ ಜಾಗಗಳೇ ಮಾಡುತ್ತವೆ.

ನಾನು ಎಂಬ ಸ್ ಇಲ್ಲಿ ಜ಼್ ಆದದ್ದು ಏಕೆ? ಮಾಡುವವರ ಜಾಗದಲ್ಲಿ, ಪಕ್ಕದಲ್ಲಿ ಬ್, ಗ್, ದ್ ಥರದ ಗಂಟಲು ನಡುಗಿಸುವ ವ್ಯಂಜನ ಬಂದರೆ ಸ್ ತಾನೂ ನಡುಗುತ್ತದೆ. ಅದೇ ಕಾರಣಕ್ಕೆ ನೀವು ಎಂಬ ಶ್ವ್ ಇಲ್ಲಿ ಝ್ವ್ ಆಗುತ್ತದೆ: ಇ-ಝ್ವ್-ಬೋಯ್ತ್, ನೀವು ಅದನ್ನು ಕಾಣುತ್ತೀರಿ. ನಾವು ಎಂಬ ಹ್ ಆಕಾರವಾಗಿ ಕರಗುತ್ತದೆ: ಇ-ಆ-ಬೋಯ್ತ್, ನಾವು ಅದನ್ನು ಕಾಣುತ್ತೇವೆ. ಕನ್ನಡ ಸಂಧಿಯಲ್ಲಿ ಕ್ ಹೋಗಿ ಗ್ ಬರುವುದನ್ನು ಕಲಿತವರಿಗೆ ಇದು ಹೊಸದೆನಿಸಬಾರದು. ತಿನ್ನು ಎಂಬುದರ ಫ್ ನಡುಗುವ ವ್ಯಂಜನವಲ್ಲ, ಹೀಗಾಗಿ ಅಲ್ಲಿ ಸ್ ಹಾಗೇ ಉಳಿಯುತ್ತದೆ. ಆಚಾ ಎಂದರೆ ಬ್ರೆಡ್ಡು. ಆಚಾ ಸ್-ಫೋಯ್ತ್: ಬ್ರೆಡ್ಡು ತಿನ್ನುತ್ತೇನೆ. ಆದ್ಜ಼ ಜ಼್-ಝ್ವುವೇಯ್ತ್: ನೀರು ಕುಡಿಯುತ್ತೇನೆ.

ಬಾಲಗಳು ಹಳೆಯವೇ. ಇ-ಜ಼್-ಬೇಯ್ತ್, ಕಂಡೆ. ಇ-ಜ಼್-ಬೋಮ್, ಕಾಣುವುದಿಲ್ಲ. ಇ-ಸ-ಮ್-ಬೇಯ್ತ್, ಕಾಣಲಿಲ್ಲ. ಕೊನೆಯದರಲ್ಲಿ ಮಸುಕು ಸ್ವರ ಅಡ್ಡ ಬಂದದ್ದರಿಂದ ಸ್ ನಡುಗಲಿಲ್ಲ.

ಈಗ ಒಂದು ಬಲೆ. ಸ-ಲ್-ಬೋಯ್ತ್ ಎಂದರೆ ಅವಳು ನನ್ನನ್ನು ಕಾಣುತ್ತಾಳೆ ಎಂದೆ. ಸ-ಲ್-ಖ್ವಾಪ್ಶುವೇಯ್ತ್ ಎಂದರೆ? ತಲೆ ಅದೇ ಸ-ಲ್, ಅರ್ಥ ಮಾತ್ರ ತಿರುಗಾಮುರುಗಾ: ನಾನು ಅವಳ ಕಡೆ ನೋಡುತ್ತೇನೆ. ಕಡೆ ನೋಡುವುದು, ಓದುವುದು ಮುಂತಾದ ಕೆಲವು ಕ್ರಿಯೆಗಳನ್ನು ಅಬ್ಖಾಜ್ "ಅನ್ನು" ಎಂದು ನೋಡುವುದಿಲ್ಲ, "ಕಡೆಗೆ" ಎಂದು ನೋಡುತ್ತದೆ. ಅಲ್ಲಿ ಮಾಡುವವರು ಮೊದಲ ಜಾಗದಲ್ಲೇ ಇರುತ್ತಾರೆ, "ಹೋಗು" ಹಾಗೆ. ಆಶ್ವ್‌ಕ್ವ ಸ್-ಆ-ಪ್ಖ್ಯೋಯ್ತ್: ಪುಸ್ತಕ ಓದುತ್ತೇನೆ. ನಡುವಿನ ಆ ಎಂಬುದೇ ಪುಸ್ತಕ. ಯಾವ ಕ್ರಿಯೆ ಯಾವ ಗುಂಪು ಎಂದು ಅರ್ಥದಿಂದ ಊಹಿಸಲು ಹೋಗಬೇಡಿ. ಹೊಸ ಕ್ರಿಯಾಪದ ಸಿಕ್ಕಾಗಲೆಲ್ಲ ನಿಘಂಟಿನ ರೂಪದ ಜೊತೆ "ನಾನು ಅವಳನ್ನು" ಎಂಬ ರೂಪವನ್ನೂ ಬರೆದಿಟ್ಟುಕೊಳ್ಳಿ. ಈ ಲೇಖನದಿಂದ ಒಂದೇ ಅಭ್ಯಾಸ ಒಯ್ಯುವುದಾದರೆ ಇದನ್ನೇ ಒಯ್ಯಿರಿ.

ಇನ್ನು ಕೆಲವು ಧಾತುಗಳಿಗೆ ಮುಂದೆ ಒಂದು ಜೊತೆಗಾರ ತುಣುಕು ಇರುತ್ತದೆ. ಮಾಡುವುದು ಆ-ಕಾ-ತ್ಸಾ-ರಾ. ನಾನು ಅದನ್ನು ಮಾಡುತ್ತೇನೆ ಎನ್ನುವಾಗ ನಾನು ಎಂಬುದು ಕಾ ಮತ್ತು ತ್ಸಾ ನಡುವೆ ಹೋಗಿ ಕೂರುತ್ತದೆ: ಇ-ಕಾ-ಸ್-ತ್ಸೋಯ್ತ್.

ಆರನೇ ಹೆಜ್ಜೆ: ಮೂವರು ಸೇರಿದಾಗ

ಕೊಡು. ಕ್ರಮ ಹೀಗೆ: ವಸ್ತು, ಪಡೆಯುವವರು, ಕೊಡುವವರು, ಧಾತು.

ಇ-ಲ-ಸ್-ಥೋಯ್ತ್: ನಾನು ಅದನ್ನು ಅವಳಿಗೆ ಕೊಡುತ್ತೇನೆ
ಇ-ಸ-ಲ್-ಥೋಯ್ತ್: ಅವಳು ಅದನ್ನು ನನಗೆ ಕೊಡುತ್ತಾಳೆ
ಇ-ರ-ಸ್-ಥೇಯ್ತ್: ನಾನು ಅದನ್ನು ಅವರಿಗೆ ಕೊಟ್ಟೆ
ಇ-ಸ-ರ್-ಥೇಯ್ತ್: ಅವರು ಅದನ್ನು ನನಗೆ ಕೊಟ್ಟರು

ಐದನೇ ಹೆಜ್ಜೆ ಗಟ್ಟಿಯಾಗಿದ್ದರೆ ಇಲ್ಲಿ ಹೊಸದು ಏನೂ ಇಲ್ಲ.

ಏಳನೇ ಹೆಜ್ಜೆ: ಹೇಳುವುದು, ಕೇಳುವುದು

ಆಜ್ಞೆಗೆ ಬಾಲ ಕಿತ್ತುಹಾಕಿ. ಉ-ತ್ಸಾ ಹೋಗು, ಹೆಂಗಸಿಗಾದರೆ ಬ್-ತ್ಸಾ, ಹಲವರಿಗೆ ಶ್ವ್-ತ್ಸಾ. ಉ-ಆಯ್ ಬಾ, ಬ್-ಆಯ್, ಶ್ವ್-ಆಯ್. ಉ-ತ್ವಾ ಕೂತ್ಕೋ. ಬೇಡ ಎನ್ನಲು ಮ್ ಮುಂದೆ, ನ್ ಹಿಂದೆ: ಉ-ಮ್-ತ್ಸಾನ್, ಹೋಗಬೇಡ. "ಅನ್ನು" ಗುಂಪಿನ ಕ್ರಿಯೆಗಳಲ್ಲಿ ಒಬ್ಬರಿಗೆ ಹೇಳುವಾಗ ನೀನು ಎಂಬ ತುಣುಕೇ ಬೇಡ: ಇ-ಫಾ, ತಿನ್ನು. ಇ-ಕಾ-ತ್ಸಾ, ಮಾಡು. ಕೊಡು ಎಂಬುದು ಇನ್ನೂ ಗಿಡ್ಡವಾಗುತ್ತದೆ. ಆದ್ಜ಼ ಸ-ಥ್: ನನಗೆ ನೀರು ಕೊಡು.

ಹೌದೋ ಅಲ್ಲವೋ ಎಂದು ಕೇಳಲು ಮಾ. ಉ-ತ್ಸೋಮಾ? ಹೋಗ್ತೀಯಾ? ಉ-ತ್ಸಾಮಾ? ಹೋದೆಯಾ? ಇ-ಉ-ಥಾಖುಮಾ? ಬೇಕಾ? ದ-ಕೌಮಾ? ಇದ್ದಾನಾ, ಇದ್ದಾಳಾ? ಉ-ತ್ಸೋಮ್ ಎಂದು ನಿಲ್ಲಿಸಿದರೆ "ಹೋಗುವುದಿಲ್ಲ" ಆಗಿಬಿಡುತ್ತದೆ, ಹೀಗಾಗಿ ಕೊನೆಯ ಆಕಾರ ನುಂಗಬೇಡಿ.

ಎಲ್ಲಿ, ಹೇಗೆ ಎಂಬ ಪ್ರಶ್ನೆಗಳೂ ಕ್ರಿಯಾಪದದ ಹೊಟ್ಟೆಯೊಳಗೆ ಹೋಗುತ್ತವೆ. ದ್-ಆಬಾ-ಕೌ? ಎಲ್ಲಿದ್ದಾರೆ? ಇ-ಆಬಾ-ಕೌ? ಎಲ್ಲಿದೆ? ಉ-ಶ್ಪಾ-ಕೌ? ಹೇಗಿದ್ದೀಯ? ಹೆಂಗಸಿಗೆ ಬ-ಶ್ಪಾ-ಕೌ, ಹಲವರಿಗೆ ಶ್ವ-ಶ್ಪಾ-ಕೌ. ಉತ್ತರ: ಸ-ಬ್ಜ಼ಿಯೌಪ್, ಚೆನ್ನಾಗಿದ್ದೇನೆ. ಬ್ಜ಼ಿಯಾ ಎಂದರೆ ಒಳ್ಳೆಯ. ಗುಣವಾಚಕಕ್ಕೂ ತಲೆ, ಬಾಲ ಹಚ್ಚಿದರೆ ಅದು ಕ್ರಿಯಾಪದದಂತೆ ನಡೆಯುತ್ತದೆ.

ಅತಿಥಿ ಬಾಗಿಲಿಗೆ ಬಂದಾಗ ಅಬ್ಖಾಜರು ಹೇಳುವ ಮಾತನ್ನು ಈಗ ನೀವೇ ಬಿಡಿಸಿ: ಬ್ಜ಼ಿಯಾಲಾ ಶ್ವ್-ಆ-ಬೇಯ್ತ್. ಶ್ವ್ ನಿಮ್ಮನ್ನು, ಆ ನಾವು, ಬೇಯ್ತ್ ಕಂಡೆವು. ಒಬ್ಬ ಗಂಡಸು ಬಂದರೆ ಉ-ಆ-ಬೇಯ್ತ್, ಒಬ್ಬಳು ಬಂದರೆ ಬ್-ಆ-ಬೇಯ್ತ್. ನಮ್ಮ "ಬನ್ನಿ ಬನ್ನಿ" ಹೇಳುವ ಜಾಗದಲ್ಲಿ ಇದು.

ಅಭ್ಯಾಸ ಹೇಗೆ

ಒಂದು ವಾರಕ್ಕೆ ಒಂದೇ ಧಾತು ಇಟ್ಟುಕೊಳ್ಳಿ. ಆ ಧಾತುವಿನ ಮೇಲೆ ಎಲ್ಲ ತಲೆಗಳನ್ನೂ ಓಡಿಸಿ, ಆಮೇಲೆ ಬಾಲಗಳನ್ನು. ಬರೆಯುವುದಕ್ಕಿಂತ ಹೇಳುವುದು ಜಾಸ್ತಿ ಇರಲಿ. "ಹೋಗು", "ಇರು", "ಬೇಕು", "ಕಾಣು", "ಕೊಡು" ಈ ಐದರಲ್ಲಿ ಮೂರೂ ಜಾಗಗಳ ಅಭ್ಯಾಸ ಆಗಿಬಿಡುತ್ತದೆ.

ಕನ್ನಡ ಲಿಪಿಯಲ್ಲಿ ಬಹಳ ದಿನ ಇರಬೇಡಿ. ಅಬ್ಖಾಜಿಗೆ ಹಿಂದೆ ಲ್ಯಾಟಿನ್, ಜಾರ್ಜಿಯನ್ ಲಿಪಿಗಳೂ ಇದ್ದವು. 1954ರಿಂದ ಬಳಕೆಯಲ್ಲಿರುವುದು ಸಿರಿಲಿಕ್. ರಷ್ಯನ್ ಅಕ್ಷರಗಳಿಗೆ ಬಾಲ, ಕೊಕ್ಕೆ ಸೇರಿಸಿ ಹೊಸ ಧ್ವನಿಗಳಿಗೆ ಅಕ್ಷರ ಮಾಡಿದ್ದಾರೆ. ನಾನು ಇಲ್ಲಿ ಒಂದೇ ತ್ಸ ಎಂದು ಬರೆದ "ಹೋಗು", "ಮಾಡು" ಧಾತುಗಳಿಗೆ ಅಲ್ಲಿ ಬೇರೆ ಬೇರೆ ಅಕ್ಷರಗಳಿವೆ. ಮೊದಲನೆಯದು ಉಸಿರಿನದು, ಎರಡನೆಯದು ಸಿಡಿಯುವುದು.

ಕಿವಿಗೆ ಮೊಜಿಲ್ಲಾದ ಕಾಮನ್ ವಾಯ್ಸ್ ಒಳ್ಳೆಯ ಆಸರೆ. ಅಲ್ಲಿ ಅಬ್ಖಾಜ್ ಮಾತುಗಾರರು ಓದಿ ದಾಖಲಿಸಿದ ವಾಕ್ಯಗಳು ಉಚಿತವಾಗಿ ಸಿಗುತ್ತವೆ. ಓದಲು ಅಬ್ಖಾಜ್ ವಿಕಿಪೀಡಿಯ ಇದೆ. ವಾಕ್ಯ ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಓಯ್ತ್, ಏಯ್ತ್, ಉಪ್ ಬಾಲಗಳನ್ನು ಹುಡುಕಿ ಗುರುತು ಹಾಕಿ. ಗೂಗಲ್ ಟ್ರಾನ್ಸ್‌ಲೇಟ್ 2024ರಲ್ಲಿ ಅಬ್ಖಾಜನ್ನು ಸೇರಿಸಿಕೊಂಡಿತು. ಅದರಲ್ಲಿ "ನೀನು" ಇರುವ ವಾಕ್ಯ ಹಾಕಿದಾಗ ಬಂದದ್ದು ಉ ರೂಪವೋ, ಬ್ ರೂಪವೋ, ಶ್ವ್ ರೂಪವೋ ಎಂದು ನೋಡಿಕೊಂಡು, ನೀವು ಮಾತಾಡುವವರಿಗೆ ತಕ್ಕಂತೆ ಆ ಒಂದು ತುಣುಕನ್ನು ಬದಲಿಸಿಯೇ ಬಳಸಿ.